ಹಳೇ ಪಾಯಿಂಟಿಗೆ ಎರಡು ಕೆಲಸ

"ಡಿಜಿಟಲ್‌ಗೆ ಹೋಗ್ತೀಯಾ? ಹಾಗಾದ್ರೆ ಹಳೇ ಪಾಯಿಂಟ್‌ಗಳನ್ನೆಲ್ಲ ಬಿಸಾಕು." ಮಾದರಿ ರೈಲಿನ ಹುಚ್ಚಿರುವ ಯಾರನ್ನೇ ಕೇಳಿ, ಮೊದಲು ಬರುವ ಮಾತು ಇದೇ. (ಪಾಯಿಂಟ್ ಅಂದರೆ ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜೋಡಣೆ. ಡಿಜಿಟಲ್ ಅಂದರೆ ಹಳಿಯ ಕರೆಂಟಿನಲ್ಲೇ ಒಂದೊಂದು ಇಂಜಿನ್ನಿಗೂ ಬೇರೆ ಬೇರೆ ಆಜ್ಞೆ ಕಳಿಸುವ ಪದ್ಧತಿ.) ಹೇಳುವವರದು ಒಳ್ಳೆಯ ಮನಸ್ಸೇ. ಆದರೂ ಆ ಮಾತು ನನ್ನ ತಲೆಯಿಂದ ಇಳಿಯಲಿಲ್ಲ. ಯಾಕಂದ್ರೆ ಹಳೆಯ ಟ್ರಾನ್ಸ್‌ಫಾರ್ಮರ್ ಇಟ್ಟು ಗುಂಡಿ ತಿರುಗಿಸಿದರೆ ಅದೇ ಇಂಜಿನ್ ಅದೇ ಪಾಯಿಂಟಿನ ಮೇಲೆ ಇವತ್ತೂ ಸಲೀಸಾಗಿ ಹೋಗುತ್ತದೆ. ಡಿಜಿಟಲ್ ಪೆಟ್ಟಿಗೆಗೆ ತಂತಿ ಬದಲಾಯಿಸಿ, ಅದೇ ಇಂಜಿನ್ನನ್ನು ಅದೇ ಜಾಗಕ್ಕೆ ತನ್ನಿ. ಟಕ್. ಆ ಇಂಜಿನ್ ಮಾತ್ರ ಅಲ್ಲ, ಮೇಜಿನ ಮೇಲಿರುವ ಎಲ್ಲ ಗಾಡಿಗಳೂ ನಿಂತುಬಿಡುತ್ತವೆ. ಹಳಿ ಬದಲಾಗಿಲ್ಲ, ಗಾಲಿ ಬದಲಾಗಿಲ್ಲ. ಹಾಗಾದರೆ ಕೆಟ್ಟಿದ್ದು ಯಾವುದು?

ಈ ಹಳಿಗಳು ನನಗೆ ಬಂದದ್ದು ಕೆಜಿಎಫ್‌ನಿಂದ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಅಲ್ಲಿಂದ ಹೊರಟ ಒಂದು ಆಂಗ್ಲೋ ಇಂಡಿಯನ್ ಕುಟುಂಬ, ಸಾಗಿಸಲಾಗದ ಸಾಮಾನಿನ ಜೊತೆ ಒಂದು ಮರದ ಪೆಟ್ಟಿಗೆಯನ್ನೂ ನಮ್ಮ ತಂದೆಯ ಸ್ನೇಹಿತರಿಗೆ ಬಿಟ್ಟು ಹೋಗಿತ್ತು. ಅವರ ಮನೆಯ ಅಟ್ಟದಿಂದ ಅದು ಕೋಲಾರದ ನಮ್ಮ ಮನೆಯ ಮಹಡಿಗೆ ಬಂತು. ಒಳಗೆ 16.5 ಮಿಲಿಮೀಟರ್ ಹಳಿ, ಬಣ್ಣ ಹೋದ ರೈಲು ಡಬ್ಬಿಗಳು, ಕೈಯಿಂದ ತಳ್ಳುವ ಪಾಯಿಂಟ್‌ಗಳು. ಯಾವ ಕಂಪನಿಯದು ಅನ್ನೋದು ಇಲ್ಲಿ ಬೇಡ. ಆ ಕಾಲದ ಎಷ್ಟೋ ಪಾಯಿಂಟ್‌ಗಳು ಇದೇ ಜಾತಿಯವು. ಹೊಸದರ ಬೆಲೆ, ಅದರ ಮೇಲೆ ಕಸ್ಟಮ್ಸ್, ಅದರ ಮೇಲೆ ಕಾಯುವಿಕೆ, ಇವೆಲ್ಲ ಗೊತ್ತಿರುವವರಿಗೆ ನಾನು ಯಾಕೆ ಬಿಸಾಕಲಿಲ್ಲ ಅಂತ ಹೇಳಬೇಕಾಗಿಲ್ಲ.

ಚಾಲಕನೂ ಅವನೇ, ಕಂಡಕ್ಟರೂ ಅವನೇ

ಹಳೆಯ ಡಿಸಿ ಕಾಲದಲ್ಲಿ, ಅಂದರೆ ಹಳಿಯಲ್ಲಿ ಒಂದೇ ದಿಕ್ಕಿಗೆ ಹರಿಯುವ ಕರೆಂಟ್ ಇದ್ದಾಗ, ಲೆಕ್ಕ ಸುಲಭ ಇತ್ತು. ಎರಡು ಹಳಿಗೆ ಸೊನ್ನೆಯಿಂದ 12 ವೋಲ್ಟ್. ಜಾಸ್ತಿ ಕೊಟ್ಟರೆ ಜೋರು, ಪ್ಲಸ್ ಮೈನಸ್ ಅದಲುಬದಲು ಮಾಡಿದರೆ ಹಿಂದಕ್ಕೆ. ಒಂದು ಹಳಿಗೆ ಕರೆಂಟ್ ಕೊಟ್ಟರೆ ಅದರ ಮೇಲಿರುವ ಇಂಜಿನ್‌ಗಳೆಲ್ಲ ಹೊರಡುತ್ತವೆ. ಹಾಗಾಗಿ ಪಕ್ಕದ ಸೈಡಿಂಗ್‌ನಲ್ಲಿ ಇನ್ನೊಂದು ಇಂಜಿನ್ ಸುಮ್ನೆ ನಿಂತಿರಬೇಕಾದರೆ ಆ ಸೈಡಿಂಗ್‌ನ ಕರೆಂಟ್ ಕಡಿಯಬೇಕು. ಅದಕ್ಕೆ ಬೇರೆ ಸ್ವಿಚ್ಚು, ಬೇರೆ ತಂತಿ ಯಾಕೆ? ಪಾಯಿಂಟೇ ಆ ಕೆಲಸ ಮಾಡಲಿ ಅಂತ ಆಗಿನವರು ಯೋಚಿಸಿದರು.

ಪಾಯಿಂಟಿನಲ್ಲಿ ಅತ್ತಿತ್ತ ಸರಿಯುವ ಎರಡು ಚೂಪು ಹಳಿಗಳಿರುತ್ತವೆ, ನಮ್ಮ ರೈಲ್ವೆಯವರು ಟಂಗ್ ರೈಲ್ ಅನ್ನುತ್ತಾರೆ. ಹೊರಗಡೆ ಅಲ್ಲಾಡದೆ ಇರುವುದು ಸ್ಟಾಕ್ ರೈಲ್. ಒಳಗಡೆ ಎರಡು ದಾರಿಯ ಹಳಿಗಳು ಒಂದನ್ನೊಂದು ಸೇರುವ ಚೂಪು ಮೂತಿ ಫ್ರಾಗ್. ಹಳೆಯ ಪಾಯಿಂಟ್‌ಗಳಲ್ಲಿ ಎರಡು ಟಂಗ್‌ಗಳೂ ಫ್ರಾಗೂ ಲೋಹದಿಂದ ಒಂದಕ್ಕೊಂದು ಜೋಡಿಸಿದವು. ಯಾವ ಟಂಗ್ ಯಾವ ಸ್ಟಾಕ್ ರೈಲಿಗೆ ಒತ್ತಿಕೊಂಡು ನಿಲ್ಲುತ್ತದೋ ಆ ಹಳಿಯ ಕರೆಂಟು ಟಂಗ್‌ನ ತುದಿಯಿಂದ ಒಳಗೆ ನುಗ್ಗಿ ಫ್ರಾಗ್‌ವರೆಗೂ ಹೋಗುತ್ತದೆ. ಗಾಡಿ ಹೋಗುವ ದಾರಿಗೆ ಕರೆಂಟ್ ಇದೆ, ಇನ್ನೊಂದು ದಾರಿಗೆ ಇಲ್ಲ. ಡ್ರೈವರ್ ಕಮ್ ಕಂಡಕ್ಟರ್ ಇಟ್ಟುಕೊಂಡ ಬಸ್ಸಿನ ಹಾಗೆ, ಗಾಲಿಗೆ ದಾರಿ ತೋರಿಸುವುದೂ ಅವನೇ, ಕರೆಂಟ್ ಹಂಚುವುದೂ ಅವನೇ. ಜಾಣತನ ಅಲ್ವಾ? ನನಗೆ ಇವತ್ತಿಗೂ ಇದು ಜಾಣತನವಾಗಿಯೇ ಕಾಣುತ್ತದೆ. ಇದನ್ನು "ಹಳೇ ಕಾಲದ ಕೆಟ್ಟ ಡಿಸೈನ್" ಅನ್ನುವವರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ.

ಈಗ ತೊಂದರೆ ಎಲ್ಲಿ ಅಂತ ನೋಡಿ. ಒತ್ತಿಕೊಂಡ ಟಂಗ್ ಸರಿ. ಆಚೆ ಬದಿಯ ಬಿಚ್ಚಿಕೊಂಡ ಟಂಗ್ ಕಥೆ ಏನು? ಅದೂ ಇದರ ಜೊತೆ ಜೋಡಿಸಿದ್ದೇ. ಹಾಗಾಗಿ ಅದರಲ್ಲಿ ಒಂದು ಕಡೆಯ ಕರೆಂಟು, ಕೂದಲೆಳೆಯಷ್ಟು ದೂರದ ಅದರ ಸ್ಟಾಕ್ ರೈಲಿನಲ್ಲಿ ಇನ್ನೊಂದು ಕಡೆಯದು. ನಡುವಿನ ಸಂದಿನಲ್ಲಿ ಗಾಲಿಯ ಅಂಚು ಹೋಗಬೇಕು. ಒಂದೇ ಅಚ್ಚಿನ ಎರಡು ಗಾಲಿಗಳ ಒಳಬದಿಯ ಅಂತರ 14.5 ಮಿಲಿಮೀಟರ್ ಆಸುಪಾಸು ಇದ್ದರೆ ಗಾಲಿ ಟಂಗನ್ನು ಮುಟ್ಟದೆ ಹೋಗುತ್ತದೆ. ಅಂತರ ಸ್ವಲ್ಪ ಕಡಿಮೆ ಇದ್ದರೆ ಗಾಲಿಯ ಬೆನ್ನು ಟಂಗ್‌ಗೆ ಸವರುತ್ತದೆ. ಲೋಹದ ಗಾಲಿ, ಎರಡೂ ಬದಿಗೆ ತಾಗಿತು, ಶಾರ್ಟ್.

ಈ ಶಾರ್ಟ್ ಹಳೆಯ ಕಾಲದಲ್ಲೂ ಆಗುತ್ತಿತ್ತು. ಇದು ನನಗೆ ಹೊಳೆಯಲು ಬಹಳ ದಿನ ಹಿಡಿಯಿತು. ಕ್ಷಣದಷ್ಟು ಶಾರ್ಟ್ ಆದರೆ ಹಳೆಯ ಟ್ರಾನ್ಸ್‌ಫಾರ್ಮರ್ ಒಂದು ಸಲ ಗುಂಯ್ ಅನ್ನುತ್ತಿತ್ತು, ಇಂಜಿನ್ ಸಣ್ಣಗೆ ಮುಗ್ಗರಿಸಿ ತನ್ನ ವೇಗದಲ್ಲೇ ಮುಂದೆ ಹೋಗುತ್ತಿತ್ತು. ಹಳಿ ಕೊಳಕಾಗಿದೆ ಅಂದುಕೊಂಡು ನಾವು ಬಟ್ಟೆಯಲ್ಲಿ ಒರೆಸುತ್ತಿದ್ದೆವು. ಆ ಟ್ರಾನ್ಸ್‌ಫಾರ್ಮರಿನ ಕಟ್‌ಔಟ್ (ಜಾಸ್ತಿಯಾದಾಗ ಕರೆಂಟ್ ಕಡಿಯುವ ಲೋಹದ ಪಟ್ಟಿ) ಬಿಸಿಯಾಗಿ ಬಾಗಿದ ಮೇಲೆ ತಾನೇ ಕಡಿಯೋದು? ಅಷ್ಟರಲ್ಲಿ ಗಾಲಿ ಪಾಯಿಂಟ್ ದಾಟಿರುತ್ತಿತ್ತು.

ಡಿಜಿಟಲ್‌ನಲ್ಲಿ ಆ ಸಡಿಲ ಇಲ್ಲ. ಜರ್ಮನಿಯ ಲೆನ್ಸ್ ಕಂಪನಿಯ ಕೆಲಸವನ್ನು ಆಧಾರವಾಗಿಟ್ಟುಕೊಂಡು ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘ ಎನ್‌ಎಂಆರ್‌ಎ 1990ರ ದಶಕದಲ್ಲಿ ಗಟ್ಟಿ ಮಾಡಿದ ಡಿಸಿಸಿ ಪದ್ಧತಿಯಲ್ಲಿ ಹಳಿಯಲ್ಲಿ ಸದಾ ಪೂರ್ತಿ ಕರೆಂಟು, 14-15 ವೋಲ್ಟ್ ಆಸುಪಾಸು. ಅದು ಒಂದೇ ದಿಕ್ಕಿನದಲ್ಲ, ಸೆಕೆಂಡಿಗೆ ಸಾವಿರಾರು ಸಲ ಅತ್ತಿತ್ತ ಮಗುಚುವ ಚೌಕದಲೆ. ಒಂದೊಂದು ಅರೆ 58 ಮೈಕ್ರೊಸೆಕೆಂಡ್ ಇದ್ದರೆ ಅದು "1", 100 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ "0". ಆ ಒಂದು ಸೊನ್ನೆಗಳಲ್ಲೇ "ಇಂತಿಂಥ ನಂಬರಿನ ಇಂಜಿನ್ನೇ, ಮುಂದೆ ಹೋಗು" ಅನ್ನೋ ಆಜ್ಞೆ ಇರುತ್ತದೆ. (ಆ ಆಜ್ಞೆಯನ್ನು ಓದಲು ಇಂಜಿನ್ನಿನೊಳಗೆ ಇರುವ ಸಣ್ಣ ಸರ್ಕ್ಯೂಟೇ ಡಿಕೋಡರ್. ಹೊಸ ಡಿಕೋಡರ್‌ಗಳೆಲ್ಲ ಕಾರ್ಖಾನೆಯಿಂದ 3ನೇ ನಂಬರಿನಲ್ಲೇ ಬರುತ್ತವೆ. ಬದಲಾಯಿಸದೆ ಎರಡು ಇಂಜಿನ್ ಇಟ್ಟರೆ ಎರಡೂ ಒಟ್ಟಿಗೆ ಹೊರಡುವುದನ್ನು ನೋಡಿ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ.) ನನ್ನ ಹತ್ತಿರ ಇರುವುದು ಸೆಕೆಂಡ್ ಹ್ಯಾಂಡ್ ಕೊಂಡ 5 ಆಂಪಿಯರ್ ಪೆಟ್ಟಿಗೆ. 5 ಆಂಪಿಯರ್ ಒಂದು ಸಣ್ಣ ಗಾಲಿಯ ಮೂಲಕ ಹರಿದರೆ ಬೋಗಿಯ ಪ್ಲಾಸ್ಟಿಕ್ ಕರಗುತ್ತದೆ, ಟಂಗ್‌ನ ತುದಿ ಸುಟ್ಟು ಕಪ್ಪಾಗುತ್ತದೆ. ಅದಕ್ಕೇ ಪೆಟ್ಟಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಬಿಡುತ್ತದೆ. ಎಲ್ಲ ಗಾಡಿಗೂ ಕರೆಂಟು ಒಂದೇ ಆದ್ದರಿಂದ ಎಲ್ಲವೂ ನಿಲ್ಲುತ್ತವೆ. ನನ್ನ ಪಾಯಿಂಟ್ ಕೆಟ್ಟಿರಲಿಲ್ಲ. ಅದರಲ್ಲಿ ಮೊದಲಿನಿಂದ ಇದ್ದದ್ದನ್ನು ಈ ಪೆಟ್ಟಿಗೆ ಕಿರುಚಿ ಹೇಳುತ್ತಿತ್ತು.

ದೊಡ್ಡಪೇಟೆಯ ಆಚಾರ್ರು

ಮಾಡಬೇಕಾದದ್ದು ಇಷ್ಟು. ಎರಡು ಕೆಲಸವನ್ನು ಬೇರೆ ಮಾಡಬೇಕು. ಟಂಗ್ ಬರೀ ದಾರಿ ತೋರಿಸಲಿ, ಕರೆಂಟ್ ಬೇರೆ ತಂತಿಯಲ್ಲಿ ಬರಲಿ. ಅದಕ್ಕೆ ಫ್ರಾಗ್ ಮತ್ತು ಟಂಗ್‌ಗಳ ನಡುವಿನ ಎರಡು ಹಳಿಗಳನ್ನು ಕೊಯ್ಯಬೇಕು. ಆಮೇಲೆ ಪ್ರತಿ ಟಂಗನ್ನೂ ಅದರ ಪಕ್ಕದ ಸ್ಟಾಕ್ ರೈಲಿಗೆ ಅಡಿಯಿಂದ ಸಣ್ಣ ತಂತಿಯಲ್ಲಿ ಬೆಸೆಯಬೇಕು. ಆಗ ಗಾಲಿ ಟಂಗ್‌ಗೆ ತಾಗಿದರೂ ಎರಡೂ ಬದಿಯಲ್ಲಿ ಒಂದೇ ಕರೆಂಟು, ಏನೂ ಆಗುವುದಿಲ್ಲ. ಫ್ರಾಗ್ ಒಂದು ಮಾತ್ರ ಒಂಟಿಯಾಗಿ ಉಳಿಯುತ್ತದೆ, ಅದಕ್ಕೆ ಪ್ರತ್ಯೇಕ ತಂತಿ.

ಕೊಯ್ಯುವುದು ಅಂದೆನಲ್ಲ, ಅಲ್ಲೇ ನನ್ನ ಕೈ ನಿಂತದ್ದು. ಹೊರದೇಶದವರು ಮಿನಿ ಡ್ರಿಲ್ಲಿಗೆ ಕಟಿಂಗ್ ಡಿಸ್ಕ್ ಹಾಕಿ ಕೊಯ್ಯುತ್ತಾರೆ. ಡಿಸ್ಕ್ ನೇರವಾಗಿ ಇಳಿಯಲು ಜಾಗ ಬೇಕು, ಇಲ್ಲಿ ಹಳಿಗಳು ಒತ್ತಾಗಿವೆ, ಓರೆಯಾಗಿ ಕೊಯ್ದರೆ ಗಾಲಿ ಎಡವುತ್ತದೆ. ಒಂದು ಪಾಯಿಂಟನ್ನು ಪೇಪರಿನಲ್ಲಿ ಸುತ್ತಿಕೊಂಡು ದೊಡ್ಡಪೇಟೆಯಲ್ಲಿ ನಮಗೆ ಪರಿಚಯದ ಆಚಾರ್ರ ಹತ್ತಿರ ಹೋದೆ. ನಮ್ಮಮ್ಮನ ಓಲೆಯಿಂದ ಹಿಡಿದು ಮಗಳ ಕಾಲ್ಗೆಜ್ಜೆವರೆಗೆ ಎಲ್ಲ ಅವರ ಕೈಯಲ್ಲೇ ಆಗಿದ್ದು.

ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಮತ್ತೆ ನೋಡಿದರು. ಉಗುರಿನಿಂದ ಹಳಿಯನ್ನು ಕೆರೆದು, "ಇದು ಜರ್ಮನ್ ಸಿಲ್ವರ್ ಸಾರ್" ಅಂದರು. ನಿಜ. ಮಾದರಿ ಹಳಿಗಳಿಗೆ ಬಳಸುವ ನಿಕಲ್ ಸಿಲ್ವರ್ ಅದೇ, ತಾಮ್ರ, ನಿಕಲ್, ಸತು ಸೇರಿದ ಲೋಹ, ಹೆಸರಲ್ಲಿ ಬಿಟ್ಟರೆ ಬೆಳ್ಳಿ ಎಲ್ಲೂ ಇಲ್ಲ. ಪೆನ್ಸಿಲ್‌ನಲ್ಲಿ ಗುರುತು ಹಾಕಿದ ಎರಡು ಜಾಗ ತೋರಿಸಿದೆ.

"ಚೆನ್ನಾಗಿರೋದನ್ನ ಯಾಕೆ ಕೊಯ್ಸ್ತೀರಾ? ಎಲ್ಲರೂ ಮುರಿದಿರೋದನ್ನ ಬೆಸೆದು ಕೊಡಿ ಅಂತ ಬರ್ತಾರೆ."

"ಕರೆಂಟು ಬೇರೆ ಆಗ್ಬೇಕು ಆಚಾರ್ರೇ. ಹಳಿ ಮಾತ್ರ ನೋಡೋಕೆ ಒಂದೇ ಥರ ಇರ್ಬೇಕು."

"ಹೊರಗೆ ಒಂದು, ಒಳಗೆ ಎರಡು ಅನ್ನಿ" ಅಂದು ನಕ್ಕರು.

ಆಮೇಲೆ ಮಾತಿಲ್ಲ. ಗರಗಸದ ತೆಳು ಎಳೆಯನ್ನು ಚೌಕಟ್ಟಿಗೆ ಬಿಗಿದು ಬೆರಳಿನಿಂದ ಮೀಟಿ ನೋಡಿದರು. ಟಿಣ್ ಅಂದಾಗ ಮೇಣ ಸವರಿದರು. ಮರದ ಹಲಗೆಯ ತುದಿಗೆ ಪಾಯಿಂಟನ್ನು ಎಡಗೈಯಲ್ಲಿ ಒತ್ತಿ ಹಿಡಿದು ಗರಗಸವನ್ನು ನೆಟ್ಟಗೆ ಮೇಲೆ ಕೆಳಗೆ ಆಡಿಸಿದರು, ಒತ್ತಡವೇ ಇಲ್ಲದ ಹಾಗೆ. ಹಳಿಯ ಕೆಳಗಿನ ಪ್ಲಾಸ್ಟಿಕ್ ಸ್ಲೀಪರ್‌ಗೆ ತಾಗುವ ಮುಂಚೆ ಕೈ ತಾನಾಗಿ ನಿಂತಿತು. ಕೊಯ್ದ ಗೆರೆ ಕಾಣಬೇಕಾದರೆ ಹಳಿಯನ್ನು ಬೆಳಕಿಗೆ ಹಿಡಿಯಬೇಕಾಗಿತ್ತು. "ನೀವು ಹೆದರಿ ಎಳೀತೀರಾ, ಅದಕ್ಕೆ ಎಳೆ ಮುರಿಯುತ್ತೆ" ಅಂತ ಹೇಳಿ ಎರಡನೇದನ್ನು ನನ್ನ ಕೈಗೆ ಕೊಟ್ಟರು. ಗರಗಸ ನಡೆಯುವ ದಾರಿಯಲ್ಲಿ ಕೈ ಹೋಗಬೇಕೇ ಹೊರತು ಕೈ ಹೋದ ಕಡೆ ಗರಗಸವನ್ನು ತಳ್ಳಬಾರದಂತೆ. ದುಡ್ಡು ಕೇಳಿದ್ದಕ್ಕೆ ಹಲಗೆಯ ಕೆಳಗಿನ ತೊಗಲಿನ ಮೇಲೆ ಬಿದ್ದ ಪುಡಿ ತೋರಿಸಿದರು. "ಚಿನ್ನ ಆಗಿದ್ದಿದ್ರೆ ಇದೇ ನನ್ನ ಕೂಲಿ. ಇದನ್ನ ತಗೊಂಡು ಏನ್ ಮಾಡ್ಲಿ?" ಕೊನೆಗೆ ಕಾಫಿಗೆ ಒಪ್ಪಿದರು. ಒಂದು ಕಟ್ಟು ಎಳೆಗಳನ್ನೂ ಕೊಟ್ಟರು.

ಎಲ್ಲಿ ಕೊಯ್ಯಬೇಕು ಅನ್ನೋದು ಮುಖ್ಯ. ಫ್ರಾಗ್‌ಗೆ ತೀರ ಹತ್ತಿರ ಕೊಯ್ದರೆ ಅಲ್ಲಿ ಎರಡು ಹಳಿಗಳೂ ಒತ್ತಾಗಿರುವುದರಿಂದ ಅಗಲದ ಗಾಲಿ ಎರಡನ್ನೂ ಒಟ್ಟಿಗೆ ತುಳಿದು ಮತ್ತೆ ಶಾರ್ಟ್ ಮಾಡುತ್ತದೆ. ತೀರ ದೂರ ಕೊಯ್ದರೆ ಟಂಗ್‌ಗೆ ಹಿಡಿತ ಹೋಗುತ್ತದೆ. ಹಳಿಗಳು ಸಾಕಷ್ಟು ಅಗಲವಾಗಿ ಬೇರೆಯಾದ ಮೇಲೆ, ಕೆಳಗೆ ಗಟ್ಟಿ ಸ್ಲೀಪರ್ ಇರುವ ಕಡೆ ಕೊಯ್ಯಿರಿ. ಸಂದಿಗೆ ಹಳೆಯ ಸಿಮ್ ಕಾರ್ಡಿನ ಚೂರು ಸಿಕ್ಕಿಸಿ ಅರಾಲ್ಡೈಟ್ ಹಾಕಿ, ಒಣಗಿದ ಮೇಲೆ ಅರದಲ್ಲಿ ಉಜ್ಜಿ ಹಳಿಯ ಆಕಾರಕ್ಕೆ ತನ್ನಿ. ಖಾಲಿ ಬಿಟ್ಟರೆ ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಶೀಟಿನ ಮಹಡಿಯಲ್ಲಿ ಹಳಿ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ.

ಎರಡು ಟಂಗ್‌ಗಳನ್ನು ಜೋಡಿಸುವ ಅಡ್ಡಪಟ್ಟಿ ಲೋಹದ್ದಾದರೆ ಅದನ್ನೂ ತೆಗೆಯಲೇಬೇಕು. ಇಲ್ಲದಿದ್ದರೆ ಮಾಡಿದ್ದೆಲ್ಲ ದಂಡ, ಬೆಸುಗೆ ಹಾಕಿದ ಕೂಡಲೇ ಎರಡು ಸ್ಟಾಕ್ ರೈಲುಗಳೂ ಅದರ ಮೂಲಕ ಒಂದಾಗುತ್ತವೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುವ ತಾಮ್ರ ಲೇಪಿಸಿದ ಪಿಸಿಬಿ ಹಲಗೆಯಿಂದ ಒಂದು ಸಣ್ಣ ಪಟ್ಟಿ ಕೊಯ್ದು, ನಡುವೆ ತಾಮ್ರವನ್ನು ಕೆರೆದು ಎರಡು ಭಾಗ ಮಾಡಿ, ಟಂಗ್‌ಗಳನ್ನು ಅದಕ್ಕೆ ಬೆಸೆದರೆ ಆಯಿತು. ಬೆಸೆಯುವಾಗ ಅಕ್ಕಪಕ್ಕ ಒದ್ದೆ ಹತ್ತಿ ಇಡಿ, ಸ್ಲೀಪರ್ ಕರಗುವುದಿಲ್ಲ. ಫ್ರಾಗ್‌ನಿಂದ ಆಚೆ ಹೋಗುವ ಎರಡು ಒಳ ಹಳಿಗಳಿಗೆ ಕರೆಂಟ್ ದಾಟದ ಹಾಗೆ ಪ್ಲಾಸ್ಟಿಕ್ ಜಾಯಿನರ್. ಉಳಿದದ್ದು ಫ್ರಾಗ್‌ನ ತಂತಿ. ಟಂಗ್ ಸರಿದಾಗ ಅದೂ ಈ ಕಡೆಯ ಕರೆಂಟಿನಿಂದ ಆ ಕಡೆಯದಕ್ಕೆ ಬದಲಾಗಬೇಕು. ಟಾರ್ಟಾಯ್ಸ್ ಥರದ ನಿಧಾನದ ಮೋಟಾರಿನೊಳಗೆ ಇದಕ್ಕೆ ಬೇಕಾದ ಸ್ವಿಚ್ಚು ಇದ್ದೇ ಇರುತ್ತದೆ. ನಾನು ಹಾಕಿದ್ದು ನೀಲಿ ಬಣ್ಣದ 9 ಗ್ರಾಮ್ ಸರ್ವೊ ಮೋಟಾರು, ಅದರ ತೋಳು ತಳ್ಳುವ ಹಾಗೆ ಪಕ್ಕದಲ್ಲೊಂದು ಮೈಕ್ರೊಸ್ವಿಚ್, ಎಲ್ಲವನ್ನೂ ಆಡಿಸಲು ಆರ್ಡುಯಿನೊ ಅನ್ನುವ ಒಂದು ಪುಟ್ಟ ಕಂಪ್ಯೂಟರ್ ಹಲಗೆ.

ಇಂಡಿಕೇಟರ್ ಬಲ್ಬು

ಕೊಯ್ಯುವ ಮುಂಚೆ ಯಾವ ಪಾಯಿಂಟಿಗೆ ನಿಜಕ್ಕೂ ಈ ಆಪರೇಷನ್ ಬೇಕು ಅಂತ ಗೊತ್ತಾಗಬೇಕಲ್ವಾ? ಅದಕ್ಕೆ ಬಂಗಾರಪೇಟೆ ರಸ್ತೆಯ ಆಟೊ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕಾರಿನ ಇಂಡಿಕೇಟರಿಗೆ ಹಾಕುವ 12 ವೋಲ್ಟ್ 21 ವ್ಯಾಟ್ ಬಲ್ಬು ತನ್ನಿ. "ಯಾವ ಗಾಡಿಗೆ?" ಅಂತ ಕೇಳುತ್ತಾರೆ. ರೈಲಿಗೆ ಅಂತ ಹೇಳಿ ನೋಡಿ, ಮಜಾ ಇರುತ್ತೆ. ಪೆಟ್ಟಿಗೆಯಿಂದ ಹಳಿಗೆ ಹೋಗುವ ಒಂದು ತಂತಿಯನ್ನು ಕಡಿದು ನಡುವೆ ಈ ಬಲ್ಬು ಹಾಕಿ. ಇಂಜಿನ್ ಮಾಮೂಲಾಗಿ ಓಡುವಾಗ ಬಲ್ಬು ತಣ್ಣಗಿರುತ್ತದೆ, ಅದರ ತಡೆ ಕಡಿಮೆ, ಇದೆ ಅಂತಲೇ ಗೊತ್ತಾಗುವುದಿಲ್ಲ. ಶಾರ್ಟ್ ಆದ ಕೂಡಲೇ ಝಗ್ ಅಂತ ಹೊತ್ತಿಕೊಳ್ಳುತ್ತದೆ, ಬಿಸಿಯಾದ ತಂತು ಹರಿವನ್ನು 2 ಆಂಪಿಯರ್ ಆಸುಪಾಸಿಗೆ ಕಟ್ಟಿಹಾಕುತ್ತದೆ. ಏನೂ ಸುಡುವುದಿಲ್ಲ. ಕೋಣೆಯ ಲೈಟ್ ಆರಿಸಿ ಪ್ರತಿ ಗಾಡಿಯನ್ನೂ ಪ್ರತಿ ಪಾಯಿಂಟಿನ ಮೇಲೂ ನಿಧಾನವಾಗಿ ಓಡಿಸಿದರೆ ಕಳ್ಳ ಸಿಕ್ಕಿಬೀಳುತ್ತಾನೆ.

ನನ್ನ ಮನೆಯಲ್ಲಿ ಸಿಕ್ಕಿಬಿದ್ದವರಲ್ಲಿ ಅರ್ಧದಷ್ಟು ಪಾಯಿಂಟ್‌ಗಳೇ ಅಲ್ಲ, ಗಾಲಿಗಳು. ಒಳ ಅಂತರ ಕಡಿಮೆಯಾದ ಹಳೆಯ ವ್ಯಾಗನ್‌ಗಳು. ಅಚ್ಚಿನ ಮೇಲೆ ಗಾಲಿಯನ್ನು ಸ್ವಲ್ಪ ತಿರುಚಿ ಹೊರಗೆ ಎಳೆದರೆ ತೊಂದರೆ ಮುಗಿಯಿತು. ಬಲ್ಬನ್ನು ಶಾಶ್ವತವಾಗಿ ಹಾಗೇ ಬಿಡುವವರೂ ಇದ್ದಾರೆ. ನನಗೆ ಅದು ಇಷ್ಟವಿಲ್ಲ. ಹಾಗೆ ಮಾಡಿದರೆ ಹಳೆಯ ಟ್ರಾನ್ಸ್‌ಫಾರ್ಮರನ್ನೇ ಬೇರೆ ವೇಷದಲ್ಲಿ ವಾಪಸ್ ತಂದ ಹಾಗಾಯಿತು, ಶಾರ್ಟ್ ಆಗುತ್ತಲೇ ಇರುತ್ತದೆ, ನಾವು ಬೆಳಕು ನೋಡಿಕೊಂಡು ಸುಮ್ಮನಿರುತ್ತೇವೆ.

ಬಲ್ಬು ತೆಗೆದ ಮೇಲೆ ಇನ್ನೊಂದು ಪರೀಕ್ಷೆ ಇದೆ. ಎರಡು ರೂಪಾಯಿ ನಾಣ್ಯವನ್ನು ಹಳಿಯ ಮೇಲೆ ಅಡ್ಡ ಇಡಿ, ಪೆಟ್ಟಿಗೆಯಿಂದ ಅತಿ ದೂರದ ಮೂಲೆಯಲ್ಲಿ. ಪೆಟ್ಟಿಗೆ ತಕ್ಷಣ ಕಡಿಯಬೇಕು. ಕಡಿಯದಿದ್ದರೆ ತಂತಿ ಸಣ್ಣದಾಯಿತು ಅಥವಾ ಜೋಡಣೆ ಸಡಿಲ ಅಂತ ಅರ್ಥ. ನಾಣ್ಯವನ್ನು ಅಲ್ಲೇ ಬಿಟ್ಟು ನೋಡುತ್ತಾ ಕೂರಬೇಡಿ, ಬಿಸಿಯಾಗುತ್ತದೆ.

ಬಂಗಾರಪೇಟೆ ಪ್ಲಾಟ್‌ಫಾರ್ಮಿನ ತುದಿ

ನಮ್ಮ ಎದುರು ಮನೆಯವರು ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದು ರಿಟೈರ್ ಆದವರು. ನನ್ನ ಮಹಡಿಯ ಆಟವನ್ನು ಅವರು ಅಷ್ಟಾಗಿ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಟಂಗ್‌ಗಳ ನಡುವಿನ ಲೋಹದ ಪಟ್ಟಿ ತೆಗೆದು ಪಿಸಿಬಿ ಹಾಕುವುದನ್ನು ನೋಡಿದ ದಿನ ಮಾತ್ರ ಕುರ್ಚಿ ಎಳೆದುಕೊಂಡು ಕೂತರು. "ಮೊದಲೇ ಹಿಂಗೇ ಇರ್ಬೇಕಾಗಿತ್ತಲ್ಲಪ್ಪ! ಲೋಹದ ಪಟ್ಟಿ ಹಾಕಿದ್ದವನು ಯಾವನು?"

ಮುಂದಿನ ವಾರ ಬೆಂಗಳೂರಿಗೆ ಹೋಗಲು ಇಬ್ಬರೂ ಬಂಗಾರಪೇಟೆ ಜಂಕ್ಷನ್ನಿಗೆ ಹೋದಾಗ ಪ್ಲಾಟ್‌ಫಾರ್ಮಿನ ತುದಿವರೆಗೆ ಕರೆದುಕೊಂಡು ಹೋದರು. ಗಾಡಿ ಅರ್ಧ ಗಂಟೆ ಲೇಟು, ಅವರಿಗೆ ಖುಷಿ. ಹಳಿಯಲ್ಲಿ ಸಣ್ಣ ಕರೆಂಟ್ ಬಿಟ್ಟಿರುತ್ತಾರೆ, ಒಂದು ತುದಿಯಲ್ಲಿ ಫೀಡ್, ಇನ್ನೊಂದು ತುದಿಯಲ್ಲಿ ರಿಲೇ, ಅಂದರೆ ಕರೆಂಟ್ ಬರುವವರೆಗೆ ಮಾತ್ರ ಎದ್ದು ನಿಲ್ಲುವ ಸ್ವಿಚ್ಚು. ಗಾಡಿ ಬಂದರೆ ಗಾಲಿ ಮತ್ತು ಅಚ್ಚು ಎರಡು ಹಳಿಗಳನ್ನು ಶಾರ್ಟ್ ಮಾಡುತ್ತವೆ, ರಿಲೇ ಬೀಳುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ಟ್ರ್ಯಾಕ್ ಸರ್ಕ್ಯೂಟ್ ಅನ್ನುವ ಈ ಉಪಾಯಕ್ಕೆ ಅಮೆರಿಕದ ವಿಲಿಯಂ ರಾಬಿನ್‌ಸನ್ 1872ರಲ್ಲೇ ಪೇಟೆಂಟ್ ತೆಗೆದುಕೊಂಡಿದ್ದ. ತಂತಿ ಕಡಿದರೂ ರಿಲೇ ಬೀಳುವುದೇ, ಹಾಗಾಗಿ ತಪ್ಪಾದರೂ ಕೆಂಪೇ. "ನಿಮ್ಮಲ್ಲಿ ಶಾರ್ಟ್ ಆದ್ರೆ ಗಾಬರಿ. ನಮ್ಮಲ್ಲಿ ಶಾರ್ಟ್ ಆದ್ರೇನೇ ಗಾಡಿ ಇದೆ ಅಂತ ಲೆಕ್ಕ" ಅಂದರು.

ಇಂಥ ಕಡೆ ಪಾಯಿಂಟಿನ ಎರಡು ಟಂಗ್‌ಗಳನ್ನು ಜೋಡಿಸುವ ಸ್ಟ್ರೆಚರ್ ಬಾರ್ ಬರೀ ಕಬ್ಬಿಣವಾಗಿದ್ದರೆ ಗಾಡಿ ಇಲ್ಲದೆಯೇ ಎರಡು ಹಳಿ ಶಾರ್ಟ್ ಆಗುತ್ತವೆ. ಅದಕ್ಕೇ ನಡುವೆ ಇನ್ಸುಲೇಷನ್ ಇಟ್ಟಿರುತ್ತಾರೆ. ಹಳಿಗಳ ನಡುವೆ ಗ್ಲೂಡ್ ಜಾಯಿಂಟ್, ಅಂದರೆ ಅಂಟಿನಿಂದ ಬಿಗಿದ, ಕರೆಂಟ್ ದಾಟದ ಜೋಡಣೆ. ಕರೆಂಟ್ ಹೋಗಬೇಕಾದ ಕಡೆ ತಂತಿಯ ಜಂಪರ್. ಪ್ಲಾಟ್‌ಫಾರ್ಮಿನಿಂದ ಒಂದೊಂದನ್ನೇ ಬೆರಳು ಮಾಡಿ ತೋರಿಸಿದರು. ಆಚಾರ್ರು ಕೊಯ್ದ ಸಂದು, ಸಿಮ್ ಕಾರ್ಡಿನ ಚೂರು, ಅಡಿಯ ತಂತಿ, ಪಿಸಿಬಿ ಪಟ್ಟಿ, ಎಲ್ಲಕ್ಕೂ ಅಲ್ಲಿ ಜೋಡಿ ಇತ್ತು. ಡಿಜಿಟಲ್‌ಗಾಗಿ ನಾನು ಹೊಸದೇನೋ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಆಟಿಕೆಯಲ್ಲಿ ದುಡ್ಡು ಉಳಿಸಲು ಬಿಟ್ಟಿದ್ದನ್ನು ವಾಪಸ್ ಹಾಕುತ್ತಿದ್ದೆ, ಅಷ್ಟೇ. ಮಾದರಿ ಹಳಿ ಮಾಡುವ ಪೆಕೊ ಕಂಪನಿಯವರ ಈಚಿನ ಯುನಿಫ್ರಾಗ್ ಪಾಯಿಂಟ್‌ಗಳಲ್ಲೂ ಇದೇ ಏರ್ಪಾಡು, ಟಂಗ್‌ಗಳು ಸ್ಟಾಕ್ ರೈಲಿಗೆ ಸೇರಿದವು, ಫ್ರಾಗ್ ಒಂಟಿ, ಅದಕ್ಕೊಂದು ತಂತಿ ಸಿದ್ಧವಾಗಿ ಬರುತ್ತದೆ.

ಮುಟ್ಟದೆ ಬಿಟ್ಟವು

ಎಲ್ಲವನ್ನೂ ಬದಲಾಯಿಸಲಿಲ್ಲ. ಬಲ್ಬು ಹೊತ್ತಿಸದ ಪಾಯಿಂಟ್‌ಗಳನ್ನು ಹಾಗೇ ಬಿಟ್ಟಿದ್ದೇನೆ. ಅವುಗಳ ಟಂಗ್ ತುದಿಯನ್ನು ಆಗಾಗ ಒರೆಸಬೇಕು. ಅಲ್ಲಿ ಕೊಳೆ ಕೂತರೆ ಫ್ರಾಗ್‌ಗೆ ಕರೆಂಟ್ ಹೋಗದೆ ಡಿಕೋಡರ್ ಒಂದು ಕ್ಷಣ ಸತ್ತು ಮತ್ತೆ ಎದ್ದೇಳುತ್ತದೆ, ಶಬ್ದವಿರುವ ಇಂಜಿನ್ನಾದರೆ ಹಾರ್ನ್ ಅರ್ಧಕ್ಕೇ ನಿಲ್ಲುತ್ತದೆ. ಮರದ ಪೆಟ್ಟಿಗೆಯಲ್ಲಿದ್ದ ಒಂದು ಡಬಲ್ ಸ್ಲಿಪ್ಪನ್ನು, ಅಂದರೆ ಎರಡು ದಾರಿ ಅಡ್ಡ ದಾಟುವಲ್ಲೇ ಒಂದರಿಂದ ಇನ್ನೊಂದಕ್ಕೂ ತಿರುಗಿಸುವ ಪಾಯಿಂಟನ್ನು, ನೋಡಿಯೇ ಕೈ ಮುಗಿದೆ. ನಾಲ್ಕು ಜೊತೆ ಟಂಗ್, ಎರಡು ಫ್ರಾಗ್, ಕೊಯ್ಯಲು ಹೋದರೆ ಎಲ್ಲಿ ನಿಲ್ಲಿಸಬೇಕು ಅಂತಲೇ ತಿಳಿಯದು. ಅದು ಈಗಲೂ ಡಿಸಿಯ ಸೈಡಿಂಗ್‌ನಲ್ಲೇ ಇದೆ.

ಇನ್ನೊಂದು ಆಸೆ ಇದೆ, ಅದಕ್ಕೆ ಮಾತ್ರ ನನ್ನ ವಾದ ಉಲ್ಟಾ. ನಮ್ಮ ಬ್ರಾಡ್ ಗೇಜ್ 1676 ಮಿಲಿಮೀಟರ್. ನನ್ನ ಮಾದರಿ ನಿಜದ ಗಾಡಿಯ 87ರಲ್ಲೊಂದು ಪಾಲು. ಹಾಗಾಗಿ 87ರಿಂದ ಭಾಗಿಸಿದರೆ 19 ದಾಟುತ್ತದೆ, ನನ್ನ 16.5ರ ಹಳಿಯಲ್ಲಿ ಅದು ಎಂದೂ ಕೂರದು. ಆದರೆ 1913ರಲ್ಲಿ ಶುರುವಾದ ಬಂಗಾರಪೇಟೆ–ಕೋಲಾರದ ಹಳೆಯ ನ್ಯಾರೋ ಗೇಜ್ 762 ಮಿಲಿಮೀಟರ್. ಅದನ್ನು 87ರಿಂದ ಭಾಗಿಸಿದರೆ 8.76, ಅಂಗಡಿಯಲ್ಲಿ ಸಿಗುವ 9 ಮಿಲಿಮೀಟರ್ ಹಳಿಗೆ ಹೆಚ್ಚುಕಡಿಮೆ ಸರಿ. ನಮ್ಮೂರಿನ ಗಾಡಿಯೇ ಮಾದರಿಗೆ ಎಲ್ಲಕ್ಕಿಂತ ಚೆನ್ನಾಗಿ ಹೊಂದುತ್ತದೆ. ಎದುರು ಮನೆಯವರು ಈಗಲೇ ಕೋಲಾರ ಸ್ಟೇಷನ್ನಿನ ಹಳೆಯ ನಕ್ಷೆಯನ್ನು ನೆನಪಿನಿಂದ ಬರೆಯಲು ಕೂತಿದ್ದಾರೆ, ಲೂಪ್ ಲೈನ್ ಎಲ್ಲಿತ್ತು ಅಂತ ಮನೆಯವರ ಜೊತೆ ಜಗಳವೂ ಆಗಿದೆ. ಅದಕ್ಕೆ ಬೇಕಾದ ಪಾಯಿಂಟ್‌ಗಳನ್ನು ಮಾತ್ರ ಹೊಸದಾಗಿ, ಡಿಜಿಟಲ್‌ಗೆ ಸಿದ್ಧವಾಗಿರುವುದನ್ನೇ ತರಿಸುತ್ತೇನೆ. 9 ಮಿಲಿಮೀಟರಿನ ಪಾಯಿಂಟನ್ನು ಕೊಯ್ಯುವ ಕಣ್ಣು ನನಗಿಲ್ಲ. ಆಚಾರ್ರನ್ನು ಕೇಳಿದೆ. "ಆ ಸೈಜು ಆದ್ರೆ ಚಿನ್ನದ್ದು ತನ್ನಿ" ಅಂದರು.